ಫ್ಲೆಮಿಂಗ್ ತಟ್ಟೆ ಬಳ್ಳಾರಿಯ ಬೇಸಿಗೆಯಲ್ಲಿ ಇದ್ದಿದ್ದರೆ? ವೈದ್ಯಶಾಸ್ತ್ರದ ಶೋಧಗಳಲ್ಲಿ ಅದೃಷ್ಟವೆಷ್ಟು, ತಯಾರಿಯೆಷ್ಟು

ಕೊಪ್ಪಳ_ವಿಜ್ಞಾನಮೇಷ್ಟ್ರು

ಹೈಸ್ಕೂಲಿನಲ್ಲಿ ಪೆನಿಸಿಲಿನ್ ಪಾಠ ಮೂರೇ ಸಾಲಿಗೆ ಮುಗಿಯುತ್ತದೆ. ಫ್ಲೆಮಿಂಗ್ ರಜೆಗೆ ಹೋದ, ಕಿಟಕಿಯಿಂದ ಬೂಷ್ಟು ಬಂದು ಬ್ಯಾಕ್ಟೀರಿಯ ಬೆಳೆಸುವ ತಟ್ಟೆ ಮೇಲೆ ಬಿತ್ತು, ಔಷಧ ಸಿಕ್ಕಿತು. ಆಗ ಮಕ್ಕಳು ಕೇಳುವುದು ನ್ಯಾಯವಾದ ಪ್ರಶ್ನೆ: "ಹಂಗಾದ್ರ ಮನ್ಯಾಗ ಬ್ರೆಡ್ಡಿಗೂ ಬೂಷ್ಟು ಬರ್ತೈತಲ್ಲ ಸರ, ಅದ್ರಾಗ ಯಾಕ ಔಷಧ ಇಲ್ಲ?" ಇಲ್ಲಿ ಲ್ಯಾಬಿನವರು, ಫಾರ್ಮಸಿಯವರು, ಡಾಕ್ಟರು ಎಲ್ಲ ಇದ್ದೀರಿ. ಆ ಕತೆಯಲ್ಲಿ ಅದೃಷ್ಟ ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಯಿತು ಎಂಬುದನ್ನು ವಿವರವಾಗಿ ಬರೆಯುತ್ತೀರಾ? ಬೇರೆ ಔಷಧಗಳ ಉದಾಹರಣೆಗಳೂ ಬರಲಿ. ತರಗತಿಯಲ್ಲಿ ಅಪಾಯವಿಲ್ಲದೆ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಅದನ್ನೂ ಹೇಳಿ.

ಬಳ್ಳಾರಿ_ಮೈಕ್ರೊ

ಮೇಷ್ಟ್ರೇ, ಮೊದಲು ಆ ಕಿಟಕಿಯ ಮಾತು ಕೈಬಿಡೋಣ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಫ್ಲೆಮಿಂಗರ ಕೋಣೆಯ ಕೆಳಮಹಡಿಯಲ್ಲಿ ಲಾ ಟೂಷ್ ಎಂಬ ಶಿಲೀಂಧ್ರತಜ್ಞರು ಉಬ್ಬಸದ ಕಾರಣ ಹುಡುಕುತ್ತ ಬಗೆಬಗೆಯ ಬೂಷ್ಟು ಬೆಳೆಸುತ್ತಿದ್ದರು. ಬೀಜಕ ಹಾರಿ ಬಂದದ್ದು ಅಲ್ಲಿಂದಲೇ ಇರಬೇಕು ಎಂಬುದು ಈ ವಿಷಯ ಕೆದಕಿದವರಲ್ಲಿ ಹೆಚ್ಚಿನವರ ಅಭಿಪ್ರಾಯ.

ನಿಜವಾದ ಅದೃಷ್ಟ ಇದ್ದದ್ದು ಹವೆಯಲ್ಲಿ. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯವನ್ನು. ಅದು ಹೊಸ ಕೋಶಗೋಡೆ ಕಟ್ಟುವ ಕೆಲಸಕ್ಕೆ ಅಡ್ಡ ಬರುತ್ತದೆ. ತಟ್ಟೆ ತುಂಬ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯ ಬೆಳೆದು ನಿಂತ ಮೇಲೆ ಪಕ್ಕದಲ್ಲಿ ಬೂಷ್ಟು ಇಟ್ಟರೆ ಸುತ್ತ ತಿಳಿಯಾದ ವೃತ್ತ ಮೂಡುವುದಿಲ್ಲ. ಯಾವ ಲ್ಯಾಬಿನಲ್ಲಾದರೂ ಮಾಡಿ ನೋಡಬಹುದು. ಹಾಗಾಗಿ ಆ ತಟ್ಟೆಯಲ್ಲಿ ಬೂಷ್ಟು ಮೊದಲು ಬೆಳೆದು, ಬ್ಯಾಕ್ಟೀರಿಯ ಆಮೇಲೆ ಏಳಬೇಕಿತ್ತು. ಫ್ಲೆಮಿಂಗರ ಸಹೋದ್ಯೋಗಿಯಾಗಿದ್ದ ರೊನಾಲ್ಡ್ ಹೇರ್ ಮುಂದೆ ಹಳೆಯ ಹವಾಮಾನ ದಾಖಲೆ ತೆಗೆದು ನೋಡಿದರು. 1928ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಲಂಡನ್ನಿನಲ್ಲಿ ತಂಪು, ಆಮೇಲೆ ಬಿಸಿ. ತಟ್ಟೆ ಇನ್‌ಕ್ಯುಬೇಟರಿಗೆ ಹೋಗದೆ ಮೇಜಿನ ಮೇಲೇ ಉಳಿದಿತ್ತು. 20 ಡಿಗ್ರಿಯ ಆಸುಪಾಸಿನಲ್ಲಿ ಬೂಷ್ಟು ಬೆಳೆದು ಪೆನಿಸಿಲಿನ್ ಹರಡಿತು. ಬಿಸಿ ಏರಿದಾಗ ಬ್ಯಾಕ್ಟೀರಿಯ ಎದ್ದವು, ಬೂಷ್ಟಿನ ಪಕ್ಕದವು ಸತ್ತವು. ಸೆಪ್ಟೆಂಬರ್ 3ರಂದು ರಜೆ ಮುಗಿಸಿ ಬಂದವರಿಗೆ ಕಂಡದ್ದು ಅದು.

ಇನ್ನು ಶೀರ್ಷಿಕೆಯ ಪ್ರಶ್ನೆ. ಬಳ್ಳಾರಿಯ ಏಪ್ರಿಲ್‌–ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯ ಒಳಗೇ 36–38 ಡಿಗ್ರಿ ಇರುತ್ತದೆ. ಸ್ಟ್ಯಾಫಿಲೊಕಾಕಸ್ಸಿಗೆ ಅದು ಹೇಳಿ ಮಾಡಿಸಿದ ಉಷ್ಣತೆ, ಒಂದೇ ರಾತ್ರಿಯಲ್ಲಿ ತಟ್ಟೆ ತುಂಬುತ್ತದೆ. ಪೆನಿಸಿಲಿನ್ ಕೊಡುವ ಬೂಷ್ಟು, ಅಂದರೆ ಪೆನಿಸಿಲಿಯಂ, ಆ ಬಿಸಿಯಲ್ಲಿ ಸರಿಯಾಗಿ ಮೊಳೆಯುವುದೇ ಇಲ್ಲ. ಅದರ ಜಾಗದಲ್ಲಿ ಕಪ್ಪು ಪುಡಿಯ ಆಸ್ಪರ್ಜಿಲಸ್ ಬರುತ್ತದೆ. ಡಿಸೆಂಬರ್ ಕೊನೆಯ ಚಳಿಯಲ್ಲಾದರೆ ಸಾಧ್ಯತೆ ಇತ್ತು.

ತಯಾರಿಯ ಪಾಲೂ ಕಡಿಮೆ ಇಲ್ಲ. ಅದಕ್ಕೆ ಏಳು ವರ್ಷ ಮೊದಲೇ ಫ್ಲೆಮಿಂಗ್ ಲೈಸೊಜೈಮ್ ಕಂಡುಹಿಡಿದಿದ್ದರು. ಮೂಗಿನ ಸಿಂಬಳ, ಕಣ್ಣೀರು ತಾಗಿದ ಕಡೆ ಬ್ಯಾಕ್ಟೀರಿಯ ಕರಗುವುದನ್ನು ಸಾಕಷ್ಟು ನೋಡಿದ್ದರು. ಕಲುಷಿತ ತಟ್ಟೆ ಎಲ್ಲ ಲ್ಯಾಬಿನಲ್ಲೂ ದಿನಾ ಸಿಗುತ್ತದೆ, ಬೂಷ್ಟು ಕಂಡರೆ ಬಿಸಾಡುತ್ತಾರೆ. ಬೂಷ್ಟಿನ ಸುತ್ತಲಿನ ವಸಾಹತುಗಳು (ಬ್ಯಾಕ್ಟೀರಿಯದ ಗುಂಪುಗಳು) ಪಾರದರ್ಶಕವಾಗಿ ಕರಗುತ್ತಿವೆ ಎಂಬುದು ಕಾಣಬೇಕಾದರೆ ಕರಗಿದ ವಸಾಹತು ಹೇಗಿರುತ್ತದೆ ಎಂದು ಕಣ್ಣಿಗೆ ಮೊದಲೇ ಗೊತ್ತಿರಬೇಕು. ಆಮೇಲೆ ಅವರು ಆ ಬೂಷ್ಟನ್ನು ಬೇರೆ ಮಾಡಿ ಸಾರಿನಲ್ಲಿ, ಅಂದರೆ ಪೋಷಕ ದ್ರವದಲ್ಲಿ, ಬೆಳೆಸಿದರು. ಸಾರನ್ನು 800 ಪಟ್ಟು ತೆಳುವಾಗಿಸಿದರೂ ಸ್ಟ್ಯಾಫಿಲೊಕಾಕಸ್ ಬೆಳೆಯದು ಎಂದು ಅಳೆದರು. ಬಿಳಿ ರಕ್ತಕಣಕ್ಕೆ ತೊಂದರೆ ಇಲ್ಲವೆಂದು ನೋಡಿದರು. ಯಾವ ಬ್ಯಾಕ್ಟೀರಿಯ ಸಾಯುತ್ತದೆ, ಯಾವುದು ಸಾಯುವುದಿಲ್ಲ ಎಂದು ಪಟ್ಟಿ ಮಾಡಿದರು. 1929ರ ಪ್ರಬಂಧದಲ್ಲಿ ಇದೆಲ್ಲ ಇದೆ.

ಸಿರುಗುಪ್ಪ_ಎಂಎಲ್‌ಟಿ

ಮೇಡಂ, ಕಾಲೇಜ್ ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಬಹುದಾ? ಮೋಸಂಬಿ ಸಿಪ್ಪೆ ಮೇಲೆ ಹಸಿರು ಬೂಷ್ಟು ಬರುತ್ತಲ್ಲ, ಅದೂ ಪೆನಿಸಿಲಿಯಂ ಅಂತ ಓದಿದ್ದೇನೆ. ಅದನ್ನೇ ಹಾಕಿದರೆ?

ಬಳ್ಳಾರಿ_ಮೈಕ್ರೊ

ಮೋಸಂಬಿ, ನಿಂಬೆ ಮೇಲೆ ಬರುವ ಹಸಿರು, ನೀಲಿ ಬೂಷ್ಟು ಪೆನಿಸಿಲಿಯಂ ಹೌದು, ಆದರೆ ಜಾತಿ ಬೇರೆ. ಅದರಿಂದ ವೃತ್ತ ನಿರೀಕ್ಷಿಸಬೇಡಿ. ಬ್ರೆಡ್ಡಿನ ಮೇಲೆ ಹತ್ತಿಯಂತೆ ಎದ್ದು ಕಪ್ಪು ಚುಕ್ಕೆ ಬಿಡುವುದು ಹೆಚ್ಚಾಗಿ ರೈಜೋಪಸ್, ಅದರಲ್ಲಿ ಪೆನಿಸಿಲಿನ್ ಇಲ್ಲ. ಮೇಷ್ಟ್ರ ಮಕ್ಕಳಿಗೆ ಇದೇ ಉತ್ತರ. ಹೆಸರು ಗೊತ್ತಿರುವ ತಳಿಯೇ ಬೇಕು. ಚಂಡೀಗಢದ ಸೂಕ್ಷ್ಮಜೀವಿ ತಳಿಗಳ ಸಂಗ್ರಹ ಎಂಟಿಸಿಸಿಯಿಂದ ಕಾಲೇಜುಗಳು ಪೆನಿಸಿಲಿಯಂ ಕ್ರೈಸೋಜೆನಂ ತರಿಸಿಕೊಳ್ಳಬಹುದು.

90 ಮಿಮೀ ತಟ್ಟೆಗೆ 25 ಮಿಲಿ ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯ ಬೆಳೆಸುವ ಜೆಲ್ಲಿ) ಹಾಕಿ, ದಪ್ಪ ಸುಮಾರು 4 ಮಿಮೀ ಬರುತ್ತದೆ. ಒಂದು ಅಂಚಿಗೆ ಬೂಷ್ಟನ್ನು ಗೆರೆಯಾಗಿ ಎಳೆದು 25 ಡಿಗ್ರಿಯಲ್ಲಿ ಐದು ದಿನ ಬಿಡಿ. ಆಮೇಲೆ ಮೈಕ್ರೊಕಾಕಸ್ ಲೂಟಿಯಸ್ ಎಂಬ ಹಳದಿ ಬ್ಯಾಕ್ಟೀರಿಯವನ್ನು ಎದುರಿನ ಅಂಚಿನಿಂದ ಬೂಷ್ಟಿನ ಕಡೆಗೆ ಎಳೆದು, 30 ಡಿಗ್ರಿಯಲ್ಲಿ ಒಂದು ದಿನ ಇಡಿ. ಹಳದಿ ಗೆರೆ ಬೂಷ್ಟಿಗೆ ಮುಟ್ಟುವ ಮೊದಲೇ ನಿಂತಿರುತ್ತದೆ. ಪಕ್ಕದಲ್ಲಿ ಇ. ಕೋಲೈ ಗೆರೆ ಎಳೆದಿದ್ದರೆ ಅದು ಬೂಷ್ಟಿನ ಹತ್ತಿರದವರೆಗೂ ಹೋಗಿರುತ್ತದೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಬ್ಯಾಕ್ಟೀರಿಯವನ್ನು ಮೊದಲ ದಿನವೇ ಎಳೆದರೆ ಪೆನಿಸಿಲಿನ್ ಹರಡುವಷ್ಟರಲ್ಲಿ ಅದು ಬೆಳೆದು ಮುಗಿದಿರುತ್ತದೆ. ತಟ್ಟೆಯನ್ನು ತಲೆಕೆಳಗಾಗಿ ಇಡದಿದ್ದರೆ ಮುಚ್ಚಳದ ಬೆವರು ಬಿದ್ದು ಬೀಜಕ ತಟ್ಟೆ ತುಂಬ ಹರಡುತ್ತದೆ. ಇನ್ನು ಗದ್ದೆಯ ಮಣ್ಣಿನಿಂದ ತೆಗೆದ ಬ್ಯಾಸಿಲಸ್ ಬಳಸಿದರೆ ಅವುಗಳಲ್ಲಿ ಹಲವು ಪೆನಿಸಿಲಿನೇಸ್ ಬಿಟ್ಟು ಔಷಧವನ್ನೇ ಒಡೆದುಹಾಕುತ್ತವೆ, ವೃತ್ತ ಬರುವುದಿಲ್ಲ. ಮುಗಿದ ಮೇಲೆ 121 ಡಿಗ್ರಿಯಲ್ಲಿ 20 ನಿಮಿಷ ಆಟೊಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ಇಡದೆ) ಯಾವ ತಟ್ಟೆಯನ್ನೂ ಬಿಸಾಡಬೇಡಿ. ಹೈಸ್ಕೂಲಿಗೆ ಇದು ಬೇಡ.

ರಾಯಚೂರು_ಫಾರ್ಮಾ

1929ರ ಪ್ರಬಂಧಕ್ಕೂ ರೋಗಿಯ ಮೈಗೆ ಔಷಧ ಹೋಗುವುದಕ್ಕೂ ನಡುವೆ ಹನ್ನೆರಡು ವರ್ಷ ಇದೆ. ಪಾಠದಲ್ಲಿ ಬಿಟ್ಟುಹೋಗುವುದು ಇದೇ, ನನ್ನ ಮಟ್ಟಿಗೆ ಶೋಧದ ಮುಖ್ಯ ಭಾಗವೂ ಇದೇ.

ತೊಂದರೆ ಏನಿತ್ತೆಂದರೆ, ಸಾರಿನಲ್ಲಿ ಪೆನಿಸಿಲಿನ್ ಇರುವುದು ಅತ್ಯಲ್ಪ, ಫ್ಲೆಮಿಂಗ್ ತಳಿಯಲ್ಲಿ ಮಿಲಿಗೆ 1–2 ಯೂನಿಟ್ (ಔಷಧದ ಬಲದ ಅಳತೆ). ಬಿಸಿ ಮಾಡಿದರೆ ಹಾಳು, ಆಮ್ಲ ಹಾಕಿದರೆ ಹಾಳು, ಕ್ಷಾರ ಹಾಕಿದರೂ ಹಾಳು. ಆಕ್ಸ್‌ಫರ್ಡಿನಲ್ಲಿ ವಿಜ್ಞಾನಿಗಳಾದ ಫ್ಲೋರಿ, ಚೈನ್ ಜೊತೆಗಿದ್ದ ನಾರ್ಮನ್ ಹೀಟ್ಲಿ ದಾರಿ ಹುಡುಕಿದರು. ಸಾರನ್ನು ಮಂಜಿನಷ್ಟು ತಣ್ಣಗೆ ಮಾಡಿ, ಆಮ್ಲ ಹಾಕಿ, ತಕ್ಷಣ ಈಥರ್ ಅಥವಾ ಅಮೈಲ್ ಅಸಿಟೇಟಿನೊಂದಿಗೆ ಕಲಕಬೇಕು. ಆಮ್ಲೀಯ ಸ್ಥಿತಿಯಲ್ಲಿ ಪೆನಿಸಿಲಿನ್ ನೀರು ಬಿಟ್ಟು ದ್ರಾವಕಕ್ಕೆ ಹೋಗುತ್ತದೆ. ಆ ದ್ರಾವಕವನ್ನು ಬೇರ್ಪಡಿಸಿ, ಪಿಎಚ್ 7ರ ಆಸುಪಾಸಿನ ನೀರಿನೊಂದಿಗೆ ಮತ್ತೆ ಕಲಕಿದರೆ ನೀರಿಗೆ ವಾಪಸು ಬರುತ್ತದೆ, ಕಲ್ಮಶದ ದೊಡ್ಡ ಪಾಲು ಹಿಂದೆ ಉಳಿಯುತ್ತದೆ. ಆ ನೀರನ್ನು ಶೈತ್ಯದಲ್ಲಿ ಒಣಗಿಸಿದರೆ ಪುಡಿ. ತಣ್ಣಗಿಡುವುದನ್ನು ಬಿಟ್ಟರೆ ಆಮ್ಲದ ಹಂತದಲ್ಲೇ ಎಲ್ಲ ಹೋಗುತ್ತದೆ. ಇದಕ್ಕೆ ಮುಂಚೆ ಪ್ರಯತ್ನಿಸಿದವರು ಎಡವಿದ್ದು ಇಲ್ಲೇ: ಈಥರಿನವರೆಗೆ ತಂದರು, ಅಲ್ಲಿಂದ ಹೊರತೆಗೆಯಲು ಹೋಗಿ ಕಳೆದುಕೊಂಡರು.

1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಪ್ರಮಾಣದ ಸ್ಟ್ರೆಪ್ಟೊಕಾಕಸ್ ಚುಚ್ಚಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕೂ ಸತ್ತಿದ್ದವು, ಉಳಿದ ನಾಲ್ಕು ಓಡಾಡುತ್ತಿದ್ದವು. ಇಲ್ಲಿ ಎರಡು ಅದೃಷ್ಟ ಉಂಟು. ಆ ಪುಡಿಯಲ್ಲಿ ಬಹುಪಾಲು ಕಲ್ಮಶವೇ, ಆದರೂ ಅದು ವಿಷವಾಗಲಿಲ್ಲ. ಮತ್ತೊಂದು, ಪ್ರಯೋಗಕ್ಕೆ ಗಿನಿಪಿಗ್ ಬಳಸಲಿಲ್ಲ. ಪೆನಿಸಿಲಿನ್ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯ ಕೊಂದು ಪ್ರಾಣವನ್ನೇ ತೆಗೆಯುತ್ತದೆ. ಮೊದಲ ಪರೀಕ್ಷೆ ಅದರ ಮೇಲೆ ನಡೆದಿದ್ದರೆ ಫೈಲು ಅಲ್ಲೇ ಮುಚ್ಚುತ್ತಿತ್ತು.

1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಕೊಟ್ಟರು. ಚೇತರಿಸಿಕೊಂಡ. ಮೂತ್ರದಿಂದ ಪೆನಿಸಿಲಿನ್ ಮರಳಿ ತೆಗೆದು ಚುಚ್ಚಿದರೂ ಸಾಲದೆ ದಾಸ್ತಾನು ಮುಗಿಯಿತು, ಮಾರ್ಚ್ 15ರಂದು ಆತ ತೀರಿಕೊಂಡ. ಆಮೇಲಿನದು ಅಮೆರಿಕದ ಪಿಯೋರಿಯಾ. ಮೆಕ್ಕೆಜೋಳದಿಂದ ಸ್ಟಾರ್ಚ್ ತೆಗೆದು ಉಳಿದ ನೆನೆನೀರನ್ನು ಸಾರಿಗೆ ಹಾಕಿದಾಗ ಇಳುವರಿ ಹಲವು ಪಟ್ಟು ಏರಿತು. ಆ ಊರಲ್ಲಿ ಜೋಳದ ಕಾರ್ಖಾನೆಯ ತ್ಯಾಜ್ಯ ರಾಶಿ ಬಿದ್ದಿರುತ್ತಿದ್ದರಿಂದ ಅದನ್ನೇ ಹಾಕಿ ನೋಡಿದ್ದು. 1943ರಲ್ಲಿ ಕೊಳೆತ ಕರಬೂಜದ ಮೇಲೆ ಇನ್ನೂ ಚುರುಕಾದ ತಳಿ ಸಿಕ್ಕಿತು.

ಈಗ ಒಂದು ಲೆಕ್ಕ. ರುಮ್ಯಾಟಿಕ್ ಹೃದಯರೋಗದ ಮಕ್ಕಳಿಗೆ 3–4 ವಾರಕ್ಕೊಮ್ಮೆ ಕೊಡುವ ಬೆಂಜಾಥಿನ್ ಪೆನಿಸಿಲಿನ್ ದೊಡ್ಡ ಡೋಸು 12 ಲಕ್ಷ ಯೂನಿಟ್. ಮಿಲಿಗೆ 2 ಯೂನಿಟ್ ಇದ್ದ ಕಾಲದಲ್ಲಿ ಅಷ್ಟಕ್ಕೆ 600 ಲೀಟರ್ ಸಾರು ಬೇಕಿತ್ತು, ಶುದ್ಧೀಕರಣದ ನಷ್ಟ ಬೇರೆ.

ಗಂಗಾವತಿ_ಮಿಲ್ಲು

ನಮ್ಮ ಕಡಿಯ ಅಕ್ಕಿ ಮಿಲ್ಲಿನವರಿಗೆ ಹತ್ತಿರದ್ದು ಒಂದೈತ್ರಿ. ಕೈಕಾಲು ಸೋಲೋ ಬೆರಿಬೆರಿ ರೋಗದ್ದು.

ಡಚ್ಚರ ಕಾಲದ ಬಟಾವಿಯಾ, ಈಗಿನ ಜಕಾರ್ತಾ. ಐಕ್‌ಮನ್ ಅನ್ನೋ ಡಾಕ್ಟ್ರು ಬೆರಿಬೆರಿಗೆ ರೋಗಾಣು ಹುಡುಕ್ತಿದ್ರು. ಕೋಳಿಗೆ ರೋಗ ಹಚ್ಚಾಕ ನೋಡಿದ್ರು. ಸೂಜಿ ಚುಚ್ಚಿದ ಕೋಳಿ, ಚುಚ್ಚದ ಕೋಳಿ ಎರಡೂ ಕಾಲು ಸೋತು ಬಿದ್ದವು. ಒಂದಿನ ಇದ್ದಕ್ಕಿದ್ದಂಗ ಎಲ್ಲಾ ಆರಾಮಾದವು. ವಿಚಾರಿಸಿದ್ರ, ಅಷ್ಟು ದಿನ ಕೋಳಿಗೆ ಹಾಕಿದ್ದು ಮಿಲಿಟರಿ ಆಸ್ಪತ್ರಿಯ ಉಳಿದ ಬಿಳಿ ಅನ್ನ. ಹೊಸ ಅಡುಗಿಯವ ಬಂದು, ಮಿಲಿಟರಿ ಅನ್ನ ಕೋಳಿಗೆ ಕೊಡಂಗಿಲ್ಲ ಅಂದ ಮ್ಯಾಲೆ ಪಾಲಿಷ್ ಇಲ್ಲದ ಅಕ್ಕಿ ಹಾಕಿದ್ರು. ಅಡುಗಿಯವ ಬದಲಾಗಿದ್ದು ಅದೃಷ್ಟ. ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಯಾವ ಅಕ್ಕಿ ಅಂತ ಬರೆದು ಕೂಡಿಸಿ ನೋಡಿದ್ದು ತಯಾರಿ.

ಅಲ್ಲಿಗೇ ನಿಲ್ಲಲಿಲ್ಲ. ವೋರ್ಡರ್‌ಮನ್ ಅನ್ನೋರು ಜಾವಾದ ಸುಮಾರು ನೂರು ಜೈಲುಗಳ ಲೆಕ್ಕ ತಗದ್ರು. ಪಾಲಿಷ್ ಅಕ್ಕಿ ಕೊಡೋ ಜೈಲಿನಾಗ 39 ಮಂದಿಗೆ ಒಬ್ಬರಿಗೆ ಬೆರಿಬೆರಿ, ಪಾಲಿಷ್ ಇಲ್ಲದ ಕಡಿ 10,000ಕ್ಕೆ ಒಬ್ಬರಿಗೆ. ಆದ್ರೂ ಐಕ್‌ಮನ್, ಅಕ್ಕಿಯಾಗ ವಿಷ ಐತಿ, ತೌಡು ಅದನ್ನ ಮುರೀತೈತಿ ಅಂತ ಬಹಳ ಕಾಲ ನಂಬಿದ್ರು. ತೌಡಿನಾಗ ದೇಹಕ್ಕ ಬೇಕಾದ್ದೇ ಒಂದು ಐತಿ, ಪಾಲಿಷ್ ಹೊಡೆದಾಗ ಅದು ಹೋಗತೈತಿ ಅಂತ 1901ರಾಗ ಹೇಳಿದವರು ಅವರ ನಂತರ ಬಂದ ಗ್ರೈನ್ಸ್. 1926ರಾಗ ತೌಡಿನಿಂದಲೇ ಆ ವಸ್ತು ಬೇರೆ ಮಾಡಿದ್ರು, ಅದು ವಿಟಮಿನ್ ಬಿ1.

ಈಗ ಮಿಲ್ಲಿನ ಮಾತು. ಭತ್ತ ನೆನೆಸಿ, ಹಬೆಗೆ ಹಿಡಿದು, ಒಣಗಿಸಿ ಆಮೇಲೆ ಹೊಟ್ಟು ಬಿಡಿಸಿದ್ರ ಬಿ1 ತೌಡಿನ ಪದರದಿಂದ ಕಾಳಿನ ಒಳಗ ಇಳೀತೈತಿ. ಆಮೇಲೆ ಪಾಲಿಷ್ ಹೊಡೆದ್ರೂ ಒಳಗಿನದು ಉಳೀತೈತಿ. ಮಿಲ್ಲಿನಾಗ 60–70 ಡಿಗ್ರಿ ನೀರಿನಾಗ ಕೆಲವು ತಾಸು ನೆನೆಸ್ತಾರ, ತಣ್ಣೀರಾದ್ರ ಒಂದೆರಡು ದಿನ ಬೇಕು, ವಾಸನಿ ಹಿಡಿಯೋ ಭಯ. ಒಣಗಿಸೋದು 14 ಪರ್ಸೆಂಟ್ ತೇವದ ತನಕ. ಪ್ಯಾಟ್ಯಾಗ ಸ್ಟೀಮ್ ರೈಸ್ ಅಂತ ಮಾರೋದು ಬ್ಯಾರೆ. ಅದಕ್ಕ ನೆನೆಸೋ ಹಂತ ಇಲ್ಲ, ಬರೇ ಹಬೆ. ಅದನ್ನ ಬಾಯಿಲ್ಡ್ ಅಕ್ಕಿಗೆ ಸಮ ಅಂತ ತಿಳಿಬ್ಯಾಡ್ರಿ. ಸೋನಾ ಮಸೂರಿ ರಾ ರೈಸ್ ಉಣ್ಣೋರು ಅಕ್ಕಿ ನಾಕೈದು ಸಲ ತಿಕ್ಕಿ ತೊಳಿಯೋದು, ಗಂಜಿ ಬಸಿದು ಚೆಲ್ಲೋದು ಬಿಟ್ರ ಇರೋ ಬಿ1 ಆದ್ರೂ ಉಳೀತೈತಿ. ಬ್ಯಾಳಿ ಲಗೂನ ಬೇಯಲಿ ಅಂತ ಸೋಡಾ ಹಾಕಿದ್ರೂ ಬಿ1 ಕೆಡತೈತಿ.

ದೇವದುರ್ಗ_ವೈದ್ಯ

ಅಣ್ಣಾರ ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ತಾರೀಖು. ನನ್ನ ಕಡೆಯಿಂದ ಹೊಟ್ಟೆಹುಣ್ಣಿನದು ಸೇರಿಸುತ್ತೇನೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪೆಥಾಲಜಿಸ್ಟ್ ರಾಬಿನ್ ವಾರೆನ್ 1979ರಿಂದಲೇ ಜಠರದ ಬಯಾಪ್ಸಿಗಳಲ್ಲಿ (ಪರೀಕ್ಷೆಗೆ ತೆಗೆದ ತುಂಡುಗಳಲ್ಲಿ) ಬಾಗಿದ ಬ್ಯಾಕ್ಟೀರಿಯ ನೋಡುತ್ತಿದ್ದರು. ಹುಣ್ಣಿಗೆ ಕಾರಣವೆಂದು ಮುಂದೆ ಗೊತ್ತಾದ ಹೆಲಿಕೊಬ್ಯಾಕ್ಟರ್ ಪೈಲೊರಿ ಅದೇ. ಜಠರದ ಆಮ್ಲದಲ್ಲಿ ಯಾವುದೂ ಬದುಕದು ಎಂಬುದು ಆಗಿನ ತಿಳಿವಳಿಕೆ. ಬ್ಯಾರಿ ಮಾರ್ಷಲ್ ಜೊತೆ ಸೇರಿ ಕಲ್ಚರ್ ಮಾಡಹೊರಟರೆ ಮೂವತ್ತಕ್ಕೂ ಹೆಚ್ಚು ಸ್ಯಾಂಪಲ್‌ಗಳಲ್ಲಿ ಏನೂ ಬೆಳೆಯಲಿಲ್ಲ. ಲ್ಯಾಬಿನ ರೂಢಿಯಂತೆ 48 ಗಂಟೆಗೆ ತಟ್ಟೆ ನೋಡಿ ಬಿಸಾಡುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಇನ್‌ಕ್ಯುಬೇಟರಿನಲ್ಲೇ ಉಳಿದವು, ವಸಾಹತು ಕಾಣಿಸಿತು. ಈ ಬ್ಯಾಕ್ಟೀರಿಯ ನಿಧಾನಕ್ಕೆ ಬೆಳೆಯುವಂಥದ್ದು, ಅದಕ್ಕೆ ಆಮ್ಲಜನಕವೂ ಕಡಿಮೆ ಬೇಕು. ಕಡಿಮೆ ಆಮ್ಲಜನಕದ ಏರ್ಪಾಡು ಮೊದಲಿನಿಂದಲೂ ಇತ್ತು, ಇಲ್ಲದಿದ್ದರೆ ಐದಲ್ಲ ಹದಿನೈದು ದಿನ ಇಟ್ಟರೂ ಬರುತ್ತಿರಲಿಲ್ಲ. ರಜೆ ಕೊಟ್ಟದ್ದು ಮೂರು ದಿನ ಮಾತ್ರ. 1984ರಲ್ಲಿ ಮಾರ್ಷಲ್ ಆ ಕಲ್ಚರನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದರಲ್ಲಿ ಇಂದಿಗೂ ಉಪಯೋಗವಾಗುವ ಮಾತು ಒಂದಿದೆ. ನಮ್ಮ ಕಡೆ "ಗ್ಯಾಸ್ಟ್ರಿಕ್" ಅಂತ ಬೆಳಿಗ್ಗೆ ಎದ್ದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುವವರು ಮನೆಗೊಬ್ಬರು. ಆ ಮಾತ್ರೆ ಬ್ಯಾಕ್ಟೀರಿಯದ ಸಂಖ್ಯೆ ತಗ್ಗಿಸುತ್ತದೆ, ಪರೀಕ್ಷೆ ಸುಳ್ಳೇ ನೆಗೆಟಿವ್ ಬರುತ್ತದೆ. ಎಂಡೋಸ್ಕೋಪಿ ಬಯಾಪ್ಸಿಗೆ, ಉಸಿರಿನ ಅಥವಾ ಮಲದ ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆ, ನಾಲ್ಕು ವಾರ ಮೊದಲು ಆ್ಯಂಟಿಬಯಾಟಿಕ್ ನಿಲ್ಲಿಸಿರಬೇಕು. ನಿಲ್ಲಿಸಬಹುದೇ ಎಂಬುದನ್ನು ವೈದ್ಯರು ಹೇಳಬೇಕು, ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಇದು ಅನ್ವಯಿಸದು. ಬಯಾಪ್ಸಿ ತುಂಡಿನ ಯೂರಿಯೇಸ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯದಿಂದ ಯೂರಿಯಾ ಒಡೆದು ಅಮೋನಿಯ ಬಂದು ಹಳದಿ ಬಣ್ಣ ಗುಲಾಬಿಗೆ ತಿರುಗುತ್ತದೆ. ಬ್ಯಾಕ್ಟೀರಿಯ ಕಡಿಮೆ ಇದ್ದರೆ ತಡವಾಗಿ ತಿರುಗುತ್ತದೆ, ಕಿಟ್ ಹೇಳಿದಷ್ಟು ಹೊತ್ತು ಕಾಯದೆ ನೆಗೆಟಿವ್ ಬರೆಯಬಾರದು. ಔಷಧ ಮುಗಿದು ಕನಿಷ್ಠ ನಾಲ್ಕು ವಾರದ ನಂತರವೇ ಗುಣವಾಯಿತೇ ಎಂದು ನೋಡುವುದು.

ಸಂಡೂರು_ಓದುಗ

ಎಲ್ಲರೂ ಬರೆದದ್ದು ಗೆದ್ದವರ ಕತೆ. ಅದೇ ಅದೃಷ್ಟ ಬಂದು ಬಾಗಿಲು ತಟ್ಟಿದರೂ ಏನೂ ಆಗದವರ ಲೆಕ್ಕ ಯಾರಿಡುತ್ತಾರೆ? ಬೂಷ್ಟು ಬ್ಯಾಕ್ಟೀರಿಯಕ್ಕೆ ಅಡ್ಡಿಯಾಗುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಟಿಂಡಲ್ 1870ರ ದಶಕದಲ್ಲೇ ಬರೆದಿದ್ದರು. ಫ್ರಾನ್ಸಿನ ಡುಶೇನ್ 1897ರಲ್ಲಿ ಅದರ ಮೇಲೆ ಪ್ರಬಂಧವನ್ನೇ ಮಂಡಿಸಿದರು. ಫಿಲಡೆಲ್ಫಿಯಾದಲ್ಲಿ ಗುಡ್‌ಸ್ಪೀಡ್ ಎಂಬ ಪ್ರೊಫೆಸರ್ 1890ರ ಫೆಬ್ರವರಿಯಲ್ಲಿ, ಎಕ್ಸ್‌–ರೇ ಕಂಡುಹಿಡಿದ ರಾಂಟ್‌ಜನ್‌ಗಿಂತ ಐದು ವರ್ಷ ಮೊದಲೇ, ಗೊತ್ತಿಲ್ಲದೆ ಎಕ್ಸ್‌–ರೇ ಚಿತ್ರ ತೆಗೆದಿದ್ದರು. ಫೋಟೊ ತಟ್ಟೆಯ ಮೇಲೆ ದುಂಡನೆಯ ನೆರಳು ಬಿತ್ತು, ಏಕೆಂದು ತಿಳಿಯದೆ ಎತ್ತಿಟ್ಟರು. ಇವರೆಲ್ಲ ತಯಾರಿ ಇಲ್ಲದವರೇ? ಅವರೂ ಪಳಗಿದವರೇ. ಹಾಗಾಗಿ "ತಯಾರಾದವರಿಗೆ ಅದೃಷ್ಟ" ಎಂಬ ಮಾತನ್ನು ಗೆಲುವು ಬಂದ ಮೇಲೆ ಅಂಟಿಸಿದ ಚೀಟಿ ಎಂದೇ ನಾನು ತಿಳಿಯುತ್ತೇನೆ.

ಬಳ್ಳಾರಿ_ಮೈಕ್ರೊ

ಒಪ್ಪುವ ಮಾತು. ಆದರೆ ಗುಡ್‌ಸ್ಪೀಡ್ ತಟ್ಟೆ ಎತ್ತಿಟ್ಟಿದ್ದರಿಂದಲೇ 1896ರಲ್ಲಿ ರಾಂಟ್‌ಜನ್ ಸುದ್ದಿ ಬಂದಾಗ ಅದನ್ನು ತೆಗೆದು ಗುರುತಿಸಲು ಆಯಿತು. ತಯಾರಿ ಅಂದರೆ ಒಬ್ಬರ ತಲೆಯೊಳಗಿನ ಚುರುಕು ಎಂದುಕೊಂಡರೆ ನಿಮ್ಮ ಆಕ್ಷೇಪ ಸರಿ. ನಾನು ಅದನ್ನು ಎತ್ತಿಡುವುದು, ಬರೆದಿಡುವುದು, ಹಂಚುವುದು ಎಂದು ತಿಳಿಯುತ್ತೇನೆ. ಫ್ಲೆಮಿಂಗ್ ತಮ್ಮ ತಳಿಯನ್ನು ಕೇಳಿದವರಿಗೆಲ್ಲ ಕೊಟ್ಟರು. ಚೈನ್ 1938ರಲ್ಲಿ ಹಳೆಯ ಪ್ರಬಂಧ ಓದಿ ಆ ಬೂಷ್ಟು ಎಲ್ಲಿ ಸಿಗುತ್ತದೆ ಎಂದು ಹುಡುಕಿದರೆ ಅದು ಅವರದೇ ಕಟ್ಟಡದಲ್ಲಿತ್ತು. ಹಿಂದಿನ ಪ್ರೊಫೆಸರ್ ಡ್ರೇಯರ್ ಬೇರೆ ಉದ್ದೇಶಕ್ಕೆ ತರಿಸಿದ್ದನ್ನು ಲ್ಯಾಬಿನವರು ವರ್ಷಗಟ್ಟಲೆ ಹೊಸ ಮಾಧ್ಯಮಕ್ಕೆ ದಾಟಿಸುತ್ತ ಜೀವಂತ ಇಟ್ಟಿದ್ದರು. ಡುಶೇನ್ ತಳಿ ಯಾರಿಗೂ ಉಳಿಯಲಿಲ್ಲ.

ರಾಯಚೂರು_ಫಾರ್ಮಾ

ಸಂಡೂರು ಸರ್, ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ತೋರಿಸಿದ ರೊನಾಲ್ಡ್ ರಾಸ್ ಪ್ರಸಂಗವನ್ನು ನೋಡಿ, ರಾಯಚೂರಿನಿಂದ ದೂರದ್ದೇನಲ್ಲ, ಸಿಕಂದರಾಬಾದಿನ ಬೇಗಂಪೇಟೆಯದು. ಎರಡು ವರ್ಷ ಅವರು ಕೊಯ್ದು ನೋಡಿದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು. ಆ ದುಡಿಮೆಯಿಂದ ಸಿಕ್ಕದ್ದು ಒಂದೇ, ಮಲೇರಿಯಾ ಇಲ್ಲದ ಸೊಳ್ಳೆಯ ಹೊಟ್ಟೆಯ ಗೋಡೆ ಹೇಗಿರುತ್ತದೆ ಎಂಬ ಕಣ್ಣಳತೆ. 1897ರ ಆಗಸ್ಟಿನಲ್ಲಿ ಸಹಾಯಕರು ರೆಕ್ಕೆಯಲ್ಲಿ ಚುಕ್ಕೆಯಿದ್ದ ಬೇರೆ ಜಾತಿಯ ಸೊಳ್ಳೆಗಳ ಮರಿ ತಂದರು. ಅವು ಬೆಳೆದ ಮೇಲೆ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ, ಕಚ್ಚಿದ ಸೊಳ್ಳೆಗೊಂದು ಆಣೆಯಂತೆ ಕೊಟ್ಟು ಕಚ್ಚಿಸಿದರು. ಆಗಸ್ಟ್ 20ರಂದು ಕೊಯ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಹಿಂದೆಂದೂ ಕಾಣದ ದುಂಡನೆಯ ಕೋಶಗಳು, ಒಳಗೆ ಮಲೇರಿಯಾದ ಕಪ್ಪು ಕಣಗಳು. ಮರುದಿನ ಇನ್ನೊಂದನ್ನು ಕೊಯ್ದರೆ ಅವೇ ಕೋಶಗಳು ದೊಡ್ಡದಾಗಿದ್ದವು. ಬೆಳೆಯುತ್ತಿವೆ ಎಂದ ಮೇಲೆ ಅವು ಸೊಳ್ಳೆಯ ಸ್ವಂತ ಕೋಶ ಇರಲಾರವು. ಎಲ್ಲ ಸೊಳ್ಳೆಯನ್ನೂ ಒಂದೇ ದಿನ ಕೊಯ್ದುಹಾಕಿದ್ದರೆ ಈ ಪುರಾವೆ ಸಿಗುತ್ತಿರಲಿಲ್ಲ.

ಲಿಂಗಸುಗೂರು_ನರ್ಸಿಂಗ್

ಅದೃಷ್ಟದ ಪಾಲೇ ಇಲ್ಲದ ಒಂದನ್ನು ಹೇಳಬೇಕು, ಕಾಲರಾ. ರೋಗಾಣು ಸಿಕ್ಕಿದ್ದು 1884ರಲ್ಲಿ, ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಕೈಗೆ. ಅದರ ವಿಷ ಸಿಗಲು 75 ವರ್ಷ ಹಿಡಿಯಿತು. ಕಲ್ಕತ್ತಾದ ಶಂಭುನಾಥ ಡೇ ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡು ಕಡೆ ಕಟ್ಟಿ, ಬ್ಯಾಕ್ಟೀರಿಯ ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಹಾಕಿದರು. ಆ ತುಂಡು ನೀರು ತುಂಬಿ ಉಬ್ಬಿತು. 1959ರಲ್ಲಿ ಪ್ರಕಟವಾಯಿತು. ಕಾಲರಾ ಕೆಲಸ ಮಾಡುವ ಜಾಗ ಕರುಳಿನ ಒಳಮೈ, ಪರೀಕ್ಷೆಯೂ ಅಲ್ಲೇ ಆಗಬೇಕು ಎಂಬ ಯೋಚನೆಯೇ ಅವರ ಶೋಧ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರ, ಬನಗಾಂವ್. ಸಲೈನ್ ಮುಗಿಯುತ್ತ ಬಂದಾಗ ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಬಾಯಿಂದಲೇ ಕುಡಿಸಲು ಶುರು ಮಾಡಿದರು. ಲೀಟರಿಗೆ ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಸುಮಾರು ಶೇ 30 ಇದ್ದ ಸಾವು ಶೇ 4ರ ಒಳಗೆ ಬಂತು. ಗ್ಲೂಕೋಸ್ ಸೋಡಿಯಂ ಅನ್ನು ಕರುಳಿನಿಂದ ಒಳಗೆ ಎಳೆದುಕೊಂಡು ಹೋಗುತ್ತದೆ ಎಂಬುದು ಅದಕ್ಕೆ ದಶಕದ ಹಿಂದೆಯೇ ಗೊತ್ತಾಗಿದ್ದರಿಂದ ಆ ಧೈರ್ಯ ಬಂತು.

ಈಗಿನ ಒಆರ್‌ಎಸ್ ಸೂತ್ರ ಲೀಟರಿಗೆ ಗ್ಲೂಕೋಸ್ 13.5, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5. ಮನೆಗಳಲ್ಲಿ ಆಗುವ ತಪ್ಪು ಪ್ಯಾಕೆಟ್ಟಿನದು. ಲೀಟರ್ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಹಾಕಿದರೆ ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. 200 ಮಿಲಿಯ ಚಿಕ್ಕ ಪ್ಯಾಕೆಟ್ಟನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದು ಓದಿಯೇ ಹರಿಯಿರಿ, ನೀರು ಮೊದಲು ಕುದಿಸಿ ಆರಿಸಿ, ಬೆರೆಸಿದ ಮೇಲೆ ಕುದಿಸಬೇಡಿ, ಮೇಲೆ ಸಕ್ಕರೆ ಹಾಕಬೇಡಿ, 24 ಗಂಟೆ ದಾಟಿದ್ದನ್ನು ಚೆಲ್ಲಿ. ಮಕ್ಕಳಿಗೆ ಜೊತೆಗೆ ಸತುವಿನ ಮಾತ್ರೆ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಗ್ರಾಂ, 14 ದಿನ. ಭೇದಿ ನಿಂತರೂ 14 ದಿನ ಮುಗಿಸಬೇಕು.

ದೇವದುರ್ಗ_ವೈದ್ಯ

ಅಕ್ಕಾ, ಇದನ್ನು ಎಲ್ಲ ಅಂಗನವಾಡಿಗೂ ಅಂಟಿಸಬೇಕು.

ಅಂಗಳದ ಗಿಡದ ಬಗ್ಗೆಯೂ ಒಂದು ಎಚ್ಚರಿಕೆ. ಸದಾಪುಷ್ಪದ ಎಲೆ, ಹೂ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ದಿನಾ ಅಗಿಯುವವರು ನಮ್ಮಲ್ಲಿದ್ದಾರೆ. ಕೆನಡಾದಲ್ಲಿ ನೋಬಲ್ ಮತ್ತು ಬಿಯರ್ 1950ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯ ಕುಡಿಯುತ್ತಿದ್ದರು. ಬಾಯಿಂದ ಕೊಟ್ಟಾಗ ಇಲಿಗಳ ಸಕ್ಕರೆ ಇಳಿಯಲಿಲ್ಲ. ರಕ್ತಕ್ಕೆ ಚುಚ್ಚಿದಾಗ ಇಲಿಗಳು ಕೆಲವೇ ದಿನಗಳಲ್ಲಿ ಸೋಂಕಿನಿಂದ ಸತ್ತವು. "ಸಕ್ಕರೆಗೆ ಕೆಲಸ ಮಾಡಲಿಲ್ಲ" ಎಂದು ಬರೆದು ಮುಗಿಸಬಹುದಿತ್ತು. ಸತ್ತದ್ದು ಏಕೆ ಎಂದು ನೋಡಿದರು, ಬಿಳಿ ರಕ್ತಕಣ ಕುಸಿದಿತ್ತು, ಮೂಳೆಮಜ್ಜೆ ಸೊರಗಿತ್ತು. ಬಿಳಿಕಣ ಇಳಿಸುವುದು ರಕ್ತ ಕ್ಯಾನ್ಸರಿಗೆ ಆಗುತ್ತದಲ್ಲ ಎಂಬ ಎಣಿಕೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ಬಂತು, ಅದೇ ಗಿಡದಿಂದ ವಿನ್‌ಕ್ರಿಸ್ಟೀನ್ ಬಂತು. ಆ ಗಿಡದಲ್ಲಿರುವುದು ಮೂಳೆಮಜ್ಜೆಯನ್ನು ಹೊಡೆಯುವ ವಸ್ತು. ದಯವಿಟ್ಟು ಅಗಿಯಬೇಡಿ.

ಯಾವ ಔಷಧದಿಂದಲಾದರೂ ಅನಿರೀಕ್ಷಿತ ತೊಂದರೆ ಕಂಡರೆ ವೈದ್ಯರಿಗೆ ಹೇಳುವುದರ ಜೊತೆಗೆ 1800–180–3024 ಸಂಖ್ಯೆಗೆ ತಿಳಿಸಬಹುದು, ಅದು ಔಷಧ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ. ಔಷಧದ ಹೆಸರು, ಬ್ಯಾಚ್ ನಂಬರು, ಶುರು ಮಾಡಿದ ದಿನ, ತೊಂದರೆ ಕಂಡ ದಿನ ಬರೆದಿಟ್ಟುಕೊಂಡು ಕರೆ ಮಾಡಿ.

ಕೊಪ್ಪಳ_ವಿಜ್ಞಾನಮೇಷ್ಟ್ರು

ಎಲ್ಲರಿಗೂ ಶರಣು. ತರಗತಿಯ ಪ್ರಯೋಗ ಒಂದು ಬಾಕಿ ಉಳಿಯಿತು. ಬ್ಯಾಕ್ಟೀರಿಯ ತಟ್ಟೆ ಬೇಡ ಎಂದಿರಿ, ಬೇರೆ ದಾರಿ ಇದೆಯೇ?

ರಾಯಚೂರು_ಫಾರ್ಮಾ

ಇದೆ, ಮೊಸರು. ಕೆಚ್ಚಲು ಬಾವಿಗೆ ಪೆನಿಸಿಲಿನ್ ಕೊಟ್ಟ ಹಸುವಿನ ಹಾಲು ಹೆಪ್ಪುಗಟ್ಟುವುದಿಲ್ಲ, ಹೈನು ಮಾಡುವ ಮನೆಯ ಮಕ್ಕಳಿಗೆ ಇದು ಗೊತ್ತಿರುತ್ತದೆ.

ಹಾಲು ಕುದಿಸಿ 40 ಡಿಗ್ರಿಗೆ ಆರಿಸಿ. ಮೂರು ಲೋಟಕ್ಕೆ 100 ಮಿಲಿಯಂತೆ ಹಾಕಿ. ಒಂದಕ್ಕೆ ಏನೂ ಬೇಡ. ಎರಡನೆಯದಕ್ಕೆ 250 ಮಿಗ್ರಾಂ ಅಮಾಕ್ಸಿಸಿಲಿನ್ ಕ್ಯಾಪ್ಸೂಲಿನ ಪುಡಿ, ಅದೂ ಪೆನಿಸಿಲಿನ್ ಮನೆತನದ್ದೇ. ಮೂರನೆಯದಕ್ಕೆ ಪ್ಯಾರಸಿಟಮಾಲ್ ಮಾತ್ರೆಯ ಪುಡಿ. ಮೂರಕ್ಕೂ ಒಂದೊಂದು ಚಮಚ ಹೆಪ್ಪು ಹಾಕಿ, ಕಲಸಿ, ಮುಚ್ಚಿಡಿ. ಬೇಸಿಗೆಯಲ್ಲಿ ಐದಾರು ತಾಸಿಗೆ, ಚಳಿಯಲ್ಲಿ ರಾತ್ರಿ ಕಳೆದ ಮೇಲೆ ನೋಡಿ. ಒಂದು, ಮೂರು ಗಟ್ಟಿ, ಎರಡು ಹಾಲಾಗಿಯೇ ಇರಬೇಕು. ಮೂರನೆಯ ಲೋಟ ಬಿಡಬೇಡಿ. ಅದಿಲ್ಲದಿದ್ದರೆ ಯಾವುದೋ ಪುಡಿ ಬಿದ್ದದ್ದಕ್ಕೆ ಹಾಲು ಹೆಪ್ಪಾಗಲಿಲ್ಲ ಎಂದು ಒಬ್ಬ ಹುಡುಗಿ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಮೊದಲನೆಯದೇ ಹೆಪ್ಪಾಗದಿದ್ದರೆ ಹಾಲು ಬಿಸಿ ಇದ್ದಾಗಲೇ ಹೆಪ್ಪು ಹಾಕಿದ್ದೀರಿ, ಅಥವಾ ಹಾಲಿನಲ್ಲೇ ಔಷಧದ ಶೇಷ ಇದೆ. ಬೇರೆ ಮನೆಯ ಹಾಲು ತಂದು ಮತ್ತೆ ಮಾಡಿ.

ಪೆನಿಸಿಲಿನ್ ಅಲರ್ಜಿ ಇರುವ ಮಗುವಿಗೆ ಆ ಪುಡಿ ಗಾಳಿಯಲ್ಲಿ ತಾಗಿದರೂ ತೊಂದರೆ ಆಗಬಹುದು. ಕ್ಯಾಪ್ಸೂಲನ್ನು ನೀವೊಬ್ಬರೇ, ಬೇರೆ ಕೋಣೆಯಲ್ಲಿ, ಗ್ಲೌಸ್ ಮತ್ತು ಮಾಸ್ಕ್ ಹಾಕಿ ಬಿಚ್ಚಿ ಹಾಲಿನಲ್ಲಿ ಕಲಸಿಯೇ ತರಗತಿಗೆ ತನ್ನಿ. ಕ್ಯಾಪ್ಸೂಲನ್ನು ಅಂಗಡಿಯಿಂದ ಚೀಟಿ ಇಲ್ಲದೆ ಕೊಳ್ಳಬೇಡಿ, ಹತ್ತಿರದ ಫಾರ್ಮಸಿ ಕಾಲೇಜಿನವರನ್ನು ಕೇಳಿದರೆ ಅವರೇ ಬಂದು ಮಾಡಿಕೊಡುತ್ತಾರೆ. ಯಾರೂ ರುಚಿ ನೋಡಬಾರದು. ಎರಡನೆಯ ಲೋಟದ ಹಾಲಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಕುದಿಸಿದರೆ ಕ್ಷಾರ, ಬಿಸಿ ಸೇರಿ ಔಷಧ ಒಡೆಯುತ್ತದೆ. ಆಮೇಲೆ ಚೆಲ್ಲಿ, ನಾಯಿ ಬೆಕ್ಕಿಗೆ ಹಾಕಬೇಡಿ.

ಬಳ್ಳಾರಿ_ಮೈಕ್ರೊ

ಇದಕ್ಕೆ ಒಂದೇ ಸೇರಿಕೆ. ಲೋಟಗಳ ಮೇಲೆ ಔಷಧದ ಹೆಸರು ಬರೆಯಬೇಡಿ, ಬರೀ ಕ, ಖ, ಗ ಎಂದು ಬರೆದು, ಯಾವುದು ಯಾವುದೆಂಬ ಚೀಟಿ ನಿಮ್ಮ ಜೇಬಿನಲ್ಲಿರಲಿ. ಎಷ್ಟು ಗಂಟೆಗೆ ಹೆಪ್ಪು ಹಾಕಿದ್ದು, ಕೋಣೆಯ ಉಷ್ಣತೆ ಎಷ್ಟು, ಎಷ್ಟು ಗಂಟೆಗೆ ನೋಡಿದ್ದು, ಗಟ್ಟಿಯೇ ನೀರೇ ಎಂದು ಮಕ್ಕಳು ಮೊದಲು ಪಟ್ಟಿಯಲ್ಲಿ ತುಂಬಲಿ. ಚೀಟಿ ಆಮೇಲೆ ತೆಗೆಯಿರಿ.